ಫೋಲ್ಡರಿನ ತೂಕವೂ ಊರೂರಿನ ಸೇರೂ

ಊರು ಬಿಟ್ಟು ಬಂದ ನಮ್ಮಂಥ ಸಂಸಾರಗಳಲ್ಲಿ ಹಳೆಯ ಟ್ರಂಕಿನ ಕೆಲಸವನ್ನು ಈಗ ಗಣಕಯಂತ್ರ ವಹಿಸಿಕೊಂಡಿದೆ. ಅಜ್ಜಿಯ ಭಾವಚಿತ್ರ, ಮಗುವಿನ ನಾಮಕರಣದ ಪಟಗಳು, ಊರಿನ ಜಮೀನಿನ ಕಾಗದಗಳ ನಕಲು, ಎಲ್ಲವೂ ಅದರ ಫೋಲ್ಡರುಗಳಲ್ಲಿವೆ. ಯಂತ್ರ ಹಳತಾದಾಗ ಇವನ್ನೆಲ್ಲ ಪೆನ್ ಡ್ರೈವಿಗೆ ಇಳಿಸಿಕೊಳ್ಳುತ್ತೇವೆ. ಪೂರ್ತಿ ಬಂದಿತೇ ಎಂದು ನೋಡಹೊರಟರೆ ಒಂದೇ ಫೋಲ್ಡರು ಅಲ್ಲೊಂದು ಗಾತ್ರ, ಇಲ್ಲೊಂದು ಗಾತ್ರ ತೋರಿಸುತ್ತದೆ! ಏನೋ ಕಳೆದುಹೋಯಿತೆಂದು ಮನೆಯವರಿಗೆಲ್ಲ ಗಾಬರಿ.

ಗಾಬರಿಗೆ ಮುನ್ನ ಕಾರಣ ತಿಳಿಯುವುದು ಒಳ್ಳೆಯದು. ಫೋಲ್ಡರಿನ ಗಾತ್ರವನ್ನು ಯಂತ್ರ ಸಾಮಾನ್ಯವಾಗಿ ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಒಳಗಿನ ಫೈಲುಗಳನ್ನು ಒಂದೊಂದಾಗಿ ಕೂಡಿಯೇ ಹೇಳಬೇಕು. ಸಾವಿರಾರು ಫೈಲುಗಳಿದ್ದರೆ ಇದಕ್ಕೆ ಹೊತ್ತು ಹಿಡಿಯುತ್ತದೆ. ಆದುದರಿಂದಲೇ ವಿಂಡೋಸಿನ ಫೈಲ್ ಎಕ್ಸ್‌ಪ್ಲೋರರ್ ತನ್ನ ಪಟ್ಟಿಯಲ್ಲಿ ಫೋಲ್ಡರಿನ ಎದುರು ಗಾತ್ರದ ಅಂಕಣವನ್ನು ಖಾಲಿ ಬಿಡುತ್ತದೆ. ಲಿನಕ್ಸಿನ ಗ್ನೋಮ್ ಒಳಗೆ ಎಷ್ಟು ವಸ್ತುಗಳಿವೆಯೆಂದು ಮಾತ್ರ ಎಣಿಸಿ ಹೇಳುತ್ತದೆ. ಮ್ಯಾಕಿನ ಫೈಂಡರ್ ನಾವು ಅಪ್ಪಣೆ ಕೊಟ್ಟರೆ ಲೆಕ್ಕ ಹಾಕುತ್ತದೆ.

ಎರಡನೆಯದು ಅಳತೆಯ ತಕರಾರು. ಹಿಂದೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮನಾಗಿರುತ್ತಿರಲಿಲ್ಲವಷ್ಟೆ? ಇಲ್ಲಿಯೂ ಹಾಗೆಯೇ. ವಿಂಡೋಸಿಗೆ 1 ಕೆ.ಬಿ. ಎಂದರೆ 1024 ಬೈಟು. ಮ್ಯಾಕಿಗೆ 2009ರಿಂದ 1000 ಬೈಟು. ಡಿಸ್ಕ್ ತಯಾರಕರೂ 1000ದ ಲೆಕ್ಕದವರೇ. ಆದುದರಿಂದ 500 ಜಿ.ಬಿ. ಎಂದು ಕೊಂಡ ಡಿಸ್ಕು ವಿಂಡೋಸಿನಲ್ಲಿ ಸುಮಾರು 465 ಎಂದು ಕಾಣುತ್ತದೆ. ಅಂಗಡಿಯವನು ಮೋಸ ಮಾಡಿದನೆಂದು ಜಗಳಕ್ಕೆ ಹೋಗಬೇಕಾಗಿಲ್ಲ! 1024ರ ಅಳತೆಗೆ 1998ರಲ್ಲಿಯೇ ಕಿಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರುಗಳು ಬಂದವು. ವಿಂಡೋಸ್ ಮಾತ್ರ ಹಳೆಯ ಹೆಸರನ್ನೇ ಹಿಡಿದಿದೆ.

ಮೂರನೆಯದು ಖಾನೆಗಳ ವಿಚಾರ. ಡಿಸ್ಕೆಂಬುದು ಖಾನೆಗಳುಳ್ಳ ಬೀರು. ವಿಂಡೋಸಿನ ಡಿಸ್ಕಿನಲ್ಲಿ ಸಾಮಾನ್ಯವಾಗಿ ಒಂದು ಖಾನೆ 4 ಕೆ.ಬಿ. ಅದರಲ್ಲಿ 2 ಕೆ.ಬಿ.ಯ ಪತ್ರವನ್ನಿಟ್ಟರೂ ಇಡೀ ಖಾನೆ ತುಂಬಿದಂತೆಯೇ. ಅಂಥ 1000 ಪತ್ರಗಳಿದ್ದರೆ ಬರಹ 2000 ಕೆ.ಬಿ., ಹಿಡಿದ ಜಾಗ 4000 ಕೆ.ಬಿ. ಪೆನ್ ಡ್ರೈವಿನ ಖಾನೆಗಳು ಹಲವೊಮ್ಮೆ ಇನ್ನೂ ದೊಡ್ಡವು. ಆಗ ಹಿಡಿದ ಜಾಗವೂ ಹೆಚ್ಚುತ್ತದೆ, ಬರಹ ಅಷ್ಟೇ ಇರುತ್ತದೆ.

ಹಾಗಾದರೆ ನಾವು ಮಾಡಬೇಕಾದುದೇನು? ಎರಡು ಕಡೆಯ ಫೋಲ್ಡರುಗಳನ್ನೂ ಒಂದೇ ಯಂತ್ರದಲ್ಲಿ ತೂಗಬೇಕು. ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆದರೆ 'ಸೈಜ್', 'ಸೈಜ್ ಆನ್ ಡಿಸ್ಕ್' ಎಂಬ ಎರಡು ಸಾಲುಗಳಿರುತ್ತವೆ. ಎರಡನೆಯದನ್ನು ಬಿಟ್ಟು, ಮೊದಲನೆಯ ಸಾಲಿನ ಬೈಟುಗಳ ಪೂರ್ಣ ಸಂಖ್ಯೆಯನ್ನೂ ಫೈಲುಗಳ ಎಣಿಕೆಯನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ತಾಳೆ ನೋಡಿರಿ. ಎರಡೂ ಕೂಡಿಬಂದ ಮೇಲೆ ನಾಲ್ಕಾರು ಪಟಗಳನ್ನು ತೆರೆದೂ ನೋಡಿರಿ, ಏಕೆಂದರೆ ತೂಕ ಸರಿಯಿದ್ದ ಮಾತ್ರಕ್ಕೆ ಕಾಳು ಹುಳಿತಿಲ್ಲವೆಂದು ಹೇಳಲಾಗದು. ಇಷ್ಟಾದ ಮೇಲೆಯೇ ಹಳೆಯ ಯಂತ್ರವನ್ನು ಅಳಿಸತಕ್ಕದ್ದು. ಕಾಗದವನ್ನಾದರೆ ಕಚೇರಿಗೆ ಹೋಗಿ ಮತ್ತೆ ನಕಲು ಕೇಳಬಹುದು, ಅಜ್ಜಿಯ ನಗುವಿಗೆ ನಕಲು ಕೊಡುವ ಕಚೇರಿ ಇಲ್ಲ.