ಪೌಂಡಿನೆದುರು ರೂಪಾಯಿ

1835ರ ನಾಣ್ಯ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಸೀಮೆಗಳಿಗೆಲ್ಲ ಒಂದೇ ಬಗೆಯ ಬೆಳ್ಳಿ ರೂಪಾಯಿಯನ್ನು ತಂದಿತು. ತೂಕ 180 ಗ್ರೇನ್, ಅಂದರೆ ಸರಿಯಾಗಿ ಒಂದು ತೊಲ. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಬ್ರಿಟನ್ನಿನ ಪೌಂಡು ಚಿನ್ನದ್ದು. ಅದಕ್ಕೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್. ಹೀಗಾಗಿ ರೂಪಾಯಿಗೂ ಪೌಂಡಿಗೂ ಇದ್ದ ವಿನಿಮಯ ದರವೆಂದರೆ ಮೂಲದಲ್ಲಿ ಬೆಳ್ಳಿಗೂ ಚಿನ್ನಕ್ಕೂ ಇದ್ದ ದರವೇ. 1870ರ ಸುಮಾರಿನವರೆಗೆ ಅದು ಹೆಚ್ಚು ಕದಲಲಿಲ್ಲ. ರೂಪಾಯಿಗೆ ಹತ್ತಿರ ಹತ್ತಿರ 2 ಶಿಲಿಂಗ್, ಪೌಂಡಿಗೆ ಸುಮಾರು ಹತ್ತು ರೂಪಾಯಿ.

ಆಮೇಲೆ ಬೆಳ್ಳಿ ಕುಸಿಯಿತು. ಫ್ರಾನ್ಸನ್ನು ಸೋಲಿಸಿದ ಜರ್ಮನಿ ಚಿನ್ನದ ನಾಣ್ಯಕ್ಕೆ ಹೊರಳಿ ತನ್ನ ಹಳೆಯ ಬೆಳ್ಳಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಫ್ರಾನ್ಸ್ ಮತ್ತದರ ನೆರೆಯ ದೇಶಗಳು ಬೆಳ್ಳಿ ನಾಣ್ಯದ ಟಂಕನಕ್ಕೆ ಮಿತಿ ಹಾಕಿದವು. ಅದೇ ಹೊತ್ತಿಗೆ ಅಮೆರಿಕದ ನೆವಾಡಾದ ಗಣಿಗಳಿಂದ ಹೊಸ ಬೆಳ್ಳಿ ಹರಿದು ಬಂತು. 1890ರ ದಶಕದ ನಡುವೆ ರೂಪಾಯಿ 1 ಶಿಲಿಂಗ್ 1 ಪೆನ್ನಿಯ ಆಸುಪಾಸಿಗೆ ಇಳಿದಿತ್ತು. 1862ರ ಒಂದು ರೂಪಾಯಿಯನ್ನೂ 1892ರ ಒಂದು ರೂಪಾಯಿಯನ್ನೂ ಅಂಗೈಯಲ್ಲಿಟ್ಟು ನೋಡಿದರೆ, ಮೊದಲನೆಯದರಲ್ಲಿ ವಿಕ್ಟೋರಿಯಾ ‘ಕ್ವೀನ್’, ಎರಡನೆಯದರಲ್ಲಿ ‘ಎಂಪ್ರೆಸ್’. ತೂಕ ಅದೇ, ಬೆಳ್ಳಿಯೂ ಅದೇ. ನಾಣ್ಯದಲ್ಲಿ ಏನೂ ಬದಲಾಗದೆ ಲಂಡನ್ನಿನಲ್ಲಿ ಅದರ ಬೆಲೆ ಕರಗುತ್ತಾ ಹೋಗಿತ್ತು.

ಈ ಇಳಿತದ ಏಟು ತಿಂದದ್ದು ಭಾರತದ ತೆರಿಗೆದಾರ. ‘ಹೋಮ್ ಚಾರ್ಜಸ್’ ಎಂಬ ಹೆಸರಿನಲ್ಲಿ ಭಾರತ ಸರ್ಕಾರ ವರ್ಷವರ್ಷವೂ ಲಂಡನ್ನಿಗೆ ಪೌಂಡುಗಳಲ್ಲೇ ಹಣ ಕಟ್ಟಬೇಕಿತ್ತು: ಸಾಲದ ಬಡ್ಡಿ, ರೈಲ್ವೆ ಬಂಡವಾಳಕ್ಕೆ ಖಾತರಿಪಡಿಸಿದ ಬಡ್ಡಿ, ನಿವೃತ್ತ ಅಧಿಕಾರಿಗಳ ಪಿಂಚಣಿ, ಇಂಡಿಯಾ ಆಫೀಸಿನ ಖರ್ಚು. ಹತ್ತು ಲಕ್ಷ ಪೌಂಡು ಕಟ್ಟಲು ಹಳೆಯ ದರದಲ್ಲಿ ಒಂದು ಕೋಟಿ ರೂಪಾಯಿ ಸಾಕಿತ್ತು. 13 ಪೆನ್ಸಿನ ದರದಲ್ಲಿ ಸುಮಾರು ಒಂದು ಕೋಟಿ 85 ಲಕ್ಷ ಬೇಕಾಯಿತು. 1888ರಲ್ಲಿ ಉಪ್ಪಿನ ತೆರಿಗೆ ಮಣಕ್ಕೆ 2 ರೂಪಾಯಿಯಿಂದ ಎರಡೂವರೆ ರೂಪಾಯಿಗೆ ಏರಿದ್ದರ ಹಿಂದೆ ಈ ಕೊರತೆಯೂ ಇತ್ತು.

ಈ ಸಮಸ್ಯೆಯನ್ನು ಪರಿಶೀಲಿಸಿದ ಹರ್ಷೆಲ್ ಸಮಿತಿಯ ವರದಿಯ ನಂತರ, 1893ರ ಜೂನ್‌ನಲ್ಲಿ ಸರ್ಕಾರ ಟಂಕಸಾಲೆಯ ಬಾಗಿಲನ್ನು ಜನರ ಬೆಳ್ಳಿಗೆ ಮುಚ್ಚಿತು. ಅಲ್ಲಿಯವರೆಗೆ ಯಾರೇ ಬೆಳ್ಳಿ ತಂದರೂ ರೂಪಾಯಿ ಮಾಡಿಸಿಕೊಳ್ಳಬಹುದಿತ್ತು. ಬಡವರ ಉಳಿತಾಯವೆಂದರೆ ಡಾಬು, ಕಡಗ, ಕಾಲ್ಗಡಗ. ಅದುವರೆಗೆ ಒಂದು ತೊಲದ ಕಡಗವೆಂದರೆ ಹೆಚ್ಚುಕಡಿಮೆ ಒಂದು ರೂಪಾಯಿ. ಬಾಗಿಲು ಮುಚ್ಚಿದ ಮೇಲೆ ರೂಪಾಯಿ ತನ್ನೊಳಗಿನ ಬೆಳ್ಳಿಗಿಂತ ಮೇಲೆದ್ದಿತು, ಕಡಗದ ಬೆಲೆ ಕೆಳಗೇ ಉಳಿಯಿತು. ಬರಗಾಲದಲ್ಲಿ ಒಡವೆ ಮಾರಲು ಹೋದವರಿಗೆ ಇದು ದೊಡ್ಡ ಅನ್ಯಾಯವಾಗಿತ್ತು. ಸಂಬಳದ ರೂಪಾಯಿಯನ್ನು ಊರಿಗೆ ಕಳಿಸುತ್ತಿದ್ದ ಬ್ರಿಟಿಷ್ ಅಧಿಕಾರಿಗಳಿಗಾದರೋ ದರ ಇಳಿದ ನಷ್ಟಕ್ಕೆ ಭತ್ಯೆ ಸಿಕ್ಕಿತು.

ನಾಣ್ಯದ ಅಭಾವ ದರವನ್ನು ಮೇಲೆತ್ತಿತು. 1899ರಲ್ಲಿ 1 ಶಿಲಿಂಗ್ 4 ಪೆನ್ಸ್, ಅಂದರೆ ಪೌಂಡಿಗೆ 15 ರೂಪಾಯಿ, ಎಂದು ಕಾನೂನಿನಲ್ಲಿ ನಿಗದಿಯಾಯಿತು. ಅದನ್ನು ಕಾಯ್ದದ್ದು ‘ಕೌನ್ಸಿಲ್ ಬಿಲ್’. ಭಾರತದ ಹತ್ತಿಗೋ ಸೆಣಬಿಗೋ ಹಣ ಕಟ್ಟಬೇಕಾದವರು ಲಂಡನ್ನಿನಲ್ಲಿ ಭಾರತ ಸಚಿವರಿಗೆ ಪೌಂಡು ಕೊಟ್ಟು ಬಿಲ್ಲು ಕೊಳ್ಳುತ್ತಿದ್ದರು. ಅದನ್ನು ಕಲ್ಕತ್ತೆ, ಮುಂಬಯಿ, ಮದ್ರಾಸುಗಳ ಖಜಾನೆಗಳಲ್ಲಿ ರೂಪಾಯಿ ಮಾಡಿಕೊಳ್ಳಲಾಗುತ್ತಿತ್ತು. ಭಾರತದ ರಫ್ತಿನ ಗಳಿಕೆಯ ಒಂದು ಪಾಲು ಹೀಗೆ ಲಂಡನ್ನಿನಲ್ಲೇ ಉಳಿಯಿತು. ಅರ್ಥಶಾಸ್ತ್ರಜ್ಞ ಕೇನ್ಸ್ 1913ರ ಪುಸ್ತಕದಲ್ಲಿ ಈ ಪದ್ಧತಿಯನ್ನು ಮೆಚ್ಚಿದರು. ಅಂಬೇಡ್ಕರ್ 1923ರಲ್ಲಿ ‘ದಿ ಪ್ರಾಬ್ಲಮ್ ಆಫ್ ದಿ ರೂಪೀ’ಯಲ್ಲಿ ಅದನ್ನು ಒಪ್ಪಲಿಲ್ಲ: ಬೇಕಾದಷ್ಟು ರೂಪಾಯಿ ಹೊರಡಿಸುವ ಸಲಿಗೆ ಸರ್ಕಾರಕ್ಕೆ ಸಿಗುತ್ತದೆ, ದೇಶದೊಳಗೆ ಹಣದ ಕೊಳ್ಳುವ ಶಕ್ತಿ ಸ್ಥಿರವಾಗಿರುವುದೇ ಮುಖ್ಯ ಎಂಬುದು ಅವರ ವಾದ. ಸಾಮಾನ್ಯರ ಕಡೆಯಿಂದ ನೋಡಿದರೆ ಅಂಬೇಡ್ಕರರ ಮಾತಿಗೇ ತೂಕ ಹೆಚ್ಚು.

ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ದುಬಾರಿಯಾಗಿ, 1919ರ ಕೊನೆಗೆ ದರ 2 ಶಿಲಿಂಗ್ 4 ಪೆನ್ಸ್ ಮುಟ್ಟಿತು. 2 ಚಿನ್ನದ ಶಿಲಿಂಗಿಗೆ ಅದನ್ನು ಕಟ್ಟಿಹಾಕುವ ಯತ್ನ ಭಾರೀ ನಷ್ಟದಲ್ಲಿ ಮುಗಿಯಿತು. 1926ರಲ್ಲಿ ಹಿಲ್ಟನ್ ಯಂಗ್ ಆಯೋಗ 1 ಶಿಲಿಂಗ್ 6 ಪೆನ್ಸ್ ಎಂದಿತು. ಅದರ ಸದಸ್ಯ ಪುರುಷೋತ್ತಮದಾಸ್ ಠಾಕೂರ್‌ದಾಸ್ 1 ಶಿಲಿಂಗ್ 4 ಪೆನ್ಸೇ ಸರಿಯೆಂದು ಭಿನ್ನಮತ ಬರೆದರು. ಎರಡು ಪೆನ್ಸಿಗೆ ಅಷ್ಟು ಜಗಳವೇಕೆಂದು ಧಾರವಾಡ ಸೀಮೆಯ ಹತ್ತಿ ಹೇಳೀತು. ಹೊರದೇಶದಲ್ಲಿ 12 ಪೌಂಡಿಗೆ ಹೋಗುವ ಸರಕಿಗೆ ಹಳೆಯ ದರದಲ್ಲಿ 180 ರೂಪಾಯಿ, ಹೊಸ ದರದಲ್ಲಿ 160. ಭೂಕಂದಾಯ ಮಾತ್ರ ಮೊದಲಿನಷ್ಟೇ ರೂಪಾಯಿ. ಆದರೂ 1927ರಲ್ಲಿ 1 ಶಿಲಿಂಗ್ 6 ಪೆನ್ಸೇ ಕಾನೂನಾಯಿತು.

1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನವನ್ನು ಬಿಟ್ಟಾಗ ರೂಪಾಯಿಯನ್ನು ಅದೇ ದರದಲ್ಲಿ ಪೌಂಡಿಗೆ ಗಂಟುಹಾಕಲಾಯಿತು. ಚಿನ್ನದ ಬೆಲೆ ಏರಿತು. ಆರ್ಥಿಕ ಕುಸಿತದಲ್ಲಿ ಬೆಳೆಗೆ ಬೆಲೆಯಿಲ್ಲದೆ ಸೋತ ರೈತರ ಮನೆಯ ಬಂಗಾರ ಹಡಗು ಹತ್ತಿತು.

ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ ಎಂಬ ಈ ದರ ಸ್ವಾತಂತ್ರ್ಯದ ನಂತರವೂ ನಿಂತಿತು; 1949ರಲ್ಲಿ ಪೌಂಡಿನ ಜೊತೆಗೇ ರೂಪಾಯಿಯನ್ನೂ ಅಪಮೌಲ್ಯ ಮಾಡಿದ್ದರಿಂದ ಕದಲಲಿಲ್ಲ. 1966ರ ಜೂನ್ 6ರಂದು ರೂಪಾಯಿಯೊಂದನ್ನೇ ಇಳಿಸಿದಾಗ ಪೌಂಡಿಗೆ 21 ರೂಪಾಯಿಯಾಯಿತು. ಮರುವರ್ಷ ಬ್ರಿಟನ್ ಪೌಂಡನ್ನು ಇಳಿಸಿತು, ಭಾರತ ಹಿಂಬಾಲಿಸಲಿಲ್ಲ. ದರ 18ಕ್ಕೆ ಬಂತು. 1975ರ ಸೆಪ್ಟೆಂಬರಿನಲ್ಲಿ ಭಾರತ ಪೌಂಡಿನ ಗಂಟನ್ನು ಬಿಚ್ಚಿ, ಹಲವು ದೇಶಗಳ ಹಣವನ್ನು ಒಟ್ಟುಮಾಡಿಕೊಂಡು ರೂಪಾಯಿಯ ದರ ಕಟ್ಟತೊಡಗಿತು.