ಕನ್ನಡಕ್ಕೊಂದು ವಿಕಿವರ್ಸಿಟಿ: ಪಾಠಯೋಜನೆಗಳಿಂದ ಆರಂಭಿಸಬಹುದೇ?

ಬೋಧನಾ ಅಭ್ಯಾಸ ಮುಗಿಯುವ ಹೊತ್ತಿಗೆ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯ ಕೈಯಲ್ಲೂ ಒಂದು ದಪ್ಪ ಪಾಠಯೋಜನೆ ಪುಸ್ತಕ ತಯಾರಾಗಿರುತ್ತದೆ. ಅಂಕಗಳು ನಮೂದಾದ ಮೇಲೆ ಅದು ಕಾಲೇಜಿನ ಬೀರು ಸೇರುತ್ತದೆ, ಕೆಲವು ವರ್ಷಗಳ ನಂತರ ರದ್ದಿಗೆ ಹೋಗುತ್ತದೆ. ಮರುವರ್ಷದ ತಂಡ ಅದೇ ಘಟಕಕ್ಕೆ ಮತ್ತೆ ಮೊದಲಿನಿಂದ ಯೋಜನೆ ಬರೆಯುತ್ತದೆ. ಹಿಂದಿನವರು ತರಗತಿಯಲ್ಲಿ ಎಲ್ಲಿ ಎಡವಿದರು, ಯಾವ ಪ್ರಶ್ನೆಗೆ ಮಕ್ಕಳು ಬಾಯಿಬಿಟ್ಟರು ಎಂಬುದು ಇವರಿಗೆ ಗೊತ್ತಾಗುವುದೇ ಇಲ್ಲ. ವಿಜ್ಞಾನ ಬೋಧನಾ ಪದ್ಧತಿಯನ್ನು ಕಲಿಸುವ ನನಗೆ ಇದು ಬಹಳ ದೊಡ್ಡ ನಷ್ಟವೆಂದು ತೋರುತ್ತದೆ. ಮುಕ್ತ ಶಿಕ್ಷಣ ವಿಕಿಯ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವೂ ಅದೇ.

ವಿಕಿಪೀಡಿಯ ವಿಶ್ವಕೋಶ, ಅದರಲ್ಲಿ ಪಾಠಯೋಜನೆಗೆ ಜಾಗವಿಲ್ಲ. ಅದಕ್ಕೆಂದೇ ಇರುವ ಸೋದರ ಯೋಜನೆ ವಿಕಿವರ್ಸಿಟಿ. ಮೊದಲು ವಿಕಿಬುಕ್ಸ್‌ನ ಒಳಗೇ ಇದ್ದ ಅದು 2006ರ ಆಗಸ್ಟ್‌ನಲ್ಲಿ ಬೇರೆಯಾಗಿ ಆರಂಭವಾಯಿತು. ಪಾಠ, ಚಟುವಟಿಕೆ, ಪ್ರಶ್ನೆಮಾಲೆ, ಸಣ್ಣ ಪ್ರಯೋಗದ ವರದಿ ಎಲ್ಲವನ್ನೂ ಅಲ್ಲಿ ಇಡಬಹುದು. ಭಾರತೀಯ ಭಾಷೆಗಳ ಪೈಕಿ ಹಿಂದಿಗೆ ಸ್ವತಂತ್ರ ಆವೃತ್ತಿ ದಕ್ಕಿದೆ. ಕನ್ನಡಕ್ಕೆ ಇನ್ನೂ ಇಲ್ಲ. ನಮ್ಮಲ್ಲಿ ಕೆಲಸವೇ ಆಗಿಲ್ಲ ಎಂದು ಇದರ ಅರ್ಥವಲ್ಲ. ಡಿ.ಎಸ್.ಇ.ಆರ್.ಟಿ. ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 2013ರಲ್ಲಿ ಆರಂಭಿಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಕೂಡ ಇದೇ ತಂತ್ರಾಂಶದ ಮೇಲೆ ನಿಂತ ವಿಕಿ. ಅದು ಮುಖ್ಯವಾಗಿ ಸೇವೆಯಲ್ಲಿರುವ ಶಿಕ್ಷಕರಿಗಾಗಿ ಹುಟ್ಟಿದ್ದು. ಪ್ರಶಿಕ್ಷಣಾರ್ಥಿ ಮಿತ್ರರು ಅದನ್ನು ಒಮ್ಮೆಯಾದರೂ ತೆರೆದು ನೋಡಬೇಕು.

ಹೊಸ ಭಾಷೆಯ ಆವೃತ್ತಿಯನ್ನು ಯಾರೋ ಒಬ್ಬರು ಅರ್ಜಿ ಹಾಕಿ ಮಂಜೂರು ಮಾಡಿಸಿಕೊಳ್ಳಲು ಆಗುವುದಿಲ್ಲ. ವಿಕಿವರ್ಸಿಟಿಯ ‘ಬೀಟಾ’ ತಾಣವೆಂಬುದೊಂದಿದೆ. ಅದು ಸಸಿಮಡಿ ಇದ್ದ ಹಾಗೆ. ಸ್ವಂತ ತಾಣವಿಲ್ಲದ ಭಾಷೆಯವರು ಅಲ್ಲಿ ಪುಟಗಳನ್ನು ಬರೆದು, ತಮ್ಮ ಭಾಷೆಯ ವರ್ಗಕ್ಕೆ ಸೇರಿಸುತ್ತಾ ಹೋಗುತ್ತಾರೆ. ಬೇರೆ ಬೇರೆ ಜನ ತಿಂಗಳುಗಟ್ಟಲೆ ನಿಲ್ಲದೆ ಬರೆಯುತ್ತಿದ್ದಾರೆ ಎಂಬುದು ಕಂಡರೆ ವಿಕಿಮೀಡಿಯದ ಭಾಷಾ ಸಮಿತಿ ಸ್ವತಂತ್ರ ತಾಣಕ್ಕೆ ಒಪ್ಪಿಗೆ ಕೊಡುತ್ತದೆ. ‘ಸಂಪಾದಿಸಿ’, ‘ಚರ್ಚೆ’ ಮುಂತಾದ ಗುಂಡಿಗಳ ಮಾತುಗಳೂ ಆ ಭಾಷೆಯಲ್ಲಿರಬೇಕು. ಕನ್ನಡ ವಿಕಿಪೀಡಿಯ 2003ರಿಂದಲೂ ಇರುವುದರಿಂದ ಈ ಕೆಲಸ ನಮಗೆ ಬಹುಮಟ್ಟಿಗೆ ಆಗಿಹೋಗಿದೆ. ಕಷ್ಟವಿರುವುದು ‘ನಿಲ್ಲದೆ’ ಎಂಬ ಮಾತಿನಲ್ಲಿ. ನಮ್ಮ ಲಿಪಿಯಲ್ಲೇ ಬರೆಯುವ ತುಳು ವಿಕಿಪೀಡಿಯ ಇಂಥದೇ ಸಸಿಮಡಿಯಲ್ಲಿ ಸುಮಾರು ಎಂಟು ವರ್ಷ ಇದ್ದು 2016ರ ಆಗಸ್ಟ್‌ನಲ್ಲಿ ಹೊರಬಂತು.

ಆರಂಭಿಸಲು ಹೊರಟವರಿಗೆ ಮೊದಲು ಹೊಳೆಯುವ ಉಪಾಯ ಅನುವಾದ. ಇಂಗ್ಲಿಷ್ ಪುಟಗಳು ಸಾಲುಸಾಲಾಗಿವೆ, ಯಂತ್ರಾನುವಾದವೂ ಕೈಗೆ ಸಿಗುತ್ತದೆ, ಒಂದು ವಾರದಲ್ಲಿ ನೂರು ಪುಟ ತುಂಬಿಸಬಹುದು. ನಾನು ಇದನ್ನು ಒಪ್ಪುವುದಿಲ್ಲ. ಏಕೆಂಬುದಕ್ಕೆ ನೆರಳಿನ ಪಾಠವನ್ನೇ ನೋಡೋಣ.

ಯೂರೋಪಿನ ಶಾಲೆಗಾಗಿ ಬರೆದ ನೆರಳಿನ ಪಾಠದಲ್ಲಿ, ನಡುಹಗಲಿನ ನೆರಳು ಯಾವಾಗಲೂ ಉತ್ತರಕ್ಕೇ ಬೀಳುತ್ತದೆ, ಜೂನ್ 21ರ ಸುಮಾರಿಗೆ ಅತಿ ಚಿಕ್ಕದಾಗುತ್ತದೆ ಎಂದು ಇರುತ್ತದೆ. ಅಲ್ಲಿ ಅದು ಸರಿ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಒಂದು ಮೀಟರ್ ಕೋಲಿಗೆ ಜೂನ್ 21ರಂದು ದಕ್ಷಿಣಕ್ಕೆ ಸುಮಾರು 18 ಸೆಂ.ಮೀ., ಡಿಸೆಂಬರ್ 21ರಂದು ಉತ್ತರಕ್ಕೆ ಸುಮಾರು 74 ಸೆಂ.ಮೀ. ನೆರಳು. ಬೀದರಿನಲ್ಲಿ ದಿನಾಂಕಗಳೇ ಬೇರೆ. ಅನುವಾದಿಸಿದ ಪಾಠವನ್ನು ಹಿಡಿದು ಅಂಗಳಕ್ಕಿಳಿದ ಶಿಕ್ಷಕಿಯ ಮುಂದೆ ಕೋಲು ಬೇರೆಯದನ್ನೇ ಹೇಳುತ್ತದೆ. ಆಗ ಮಕ್ಕಳು ಕೋಲನ್ನು ನಂಬಬೇಕೋ ಪುಟವನ್ನು ನಂಬಬೇಕೋ? ಭಾಷೆ ಅಚ್ಚಗನ್ನಡವಾಗಿದ್ದರೂ ಆ ಪಾಠ ಇಲ್ಲಿಯದಲ್ಲ.

ಇಲ್ಲಿಯೇ ಪಾಠ ಮಾಡಿದವರು ಬರೆದರೆ ಇನ್ನೂ ಸಣ್ಣ ಸಂಗತಿಗಳು ಸೇರುತ್ತವೆ. ಏಪ್ರಿಲ್ 24 ಬೇಸಿಗೆ ರಜೆಯಲ್ಲಿ ಬರುತ್ತದೆ; ಆಗಸ್ಟ್ 18ರಂದು ಶಾಲೆಯಿದ್ದರೂ ಮೋಡವಿರಬಹುದು, ಆದ್ದರಿಂದ ಹಿಂದುಮುಂದಿನ ಎರಡು ಮೂರು ದಿನ ಕಾಯ್ದಿಟ್ಟುಕೊಳ್ಳಬೇಕು. ಬೆಂಗಳೂರಿನಲ್ಲಿ ಆಗ ಸೂರ್ಯ ಅತಿ ಎತ್ತರಕ್ಕೇರುವುದು ಗಡಿಯಾರದ 12ಕ್ಕಲ್ಲ, ಇಪ್ಪತ್ತು ನಿಮಿಷಕ್ಕೂ ತುಸು ಹೆಚ್ಚು ತಡವಾಗಿ. ಬಿಸಿಯೂಟದ ಗಂಟೆಗೂ ಇದಕ್ಕೂ ಹೊಂದಿಸಿಕೊಳ್ಳುವುದು ಬೇರೆ ಇರುತ್ತದೆ! ಇವೆಲ್ಲ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳಾಗಿ ಇರುತ್ತವೆ. ವಿಕಿಗೆ ಬೇಕಾದ ಸರಕು ಅದೇ.

ವಿಕಿಯ ರಚನೆ ಬೋಧನಾ ಅಭ್ಯಾಸಕ್ಕೆ ಹೇಳಿಮಾಡಿಸಿದಂತಿದೆ. ಪ್ರತಿ ಪುಟಕ್ಕೂ ಒಂದು ಇತಿಹಾಸವಿರುತ್ತದೆ. ತರಗತಿಗೆ ಹೋಗುವ ಮುನ್ನ ಬರೆದ ಯೋಜನೆ, ಪಾಠ ಮಾಡಿ ಬಂದ ಮೇಲೆ ತಿದ್ದಿದ ಯೋಜನೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಮಾರ್ಗದರ್ಶಕ ಶಿಕ್ಷಕರು ‘ಉತ್ತಮ’ ಎಂದು ಸಹಿ ಹಾಕುವ ಬದಲು ಚರ್ಚೆ ಪುಟದಲ್ಲಿ “ಪೂರ್ವಜ್ಞಾನ ಪರೀಕ್ಷೆಯ ಮೂರನೇ ಪ್ರಶ್ನೆಗೆ ಹೌದು, ಇಲ್ಲ ಎಂದಷ್ಟೇ ಉತ್ತರ ಬರುತ್ತದೆ, ಬದಲಿಸಿ” ಎಂದು ಬರೆದರೆ ಮುಂದಿನ ವರ್ಷದವರಿಗೂ ಅದು ಸಿಗುತ್ತದೆ. ಆದರೆ ಇದನ್ನು ಅಂಕಕ್ಕಾಗಿ ಮಾಡುವ ನಿಯೋಜಿತ ಕಾರ್ಯ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಕಪಟ್ಟಿ ಹೋದ ದಿನವೇ ಬರವಣಿಗೆಯೂ ನಿಲ್ಲುತ್ತದೆ. ಭಾಷಾ ಸಮಿತಿ ನೋಡುವುದು ಅದರ ಮರುದಿನವೂ ಯಾರಾದರೂ ಬರೆದರೇ ಎಂಬುದನ್ನು. ನಲವತ್ತು ಜನ ಒಂದು ವಾರ ಬರೆಯುವುದಕ್ಕಿಂತ ನಾಲ್ಕು ಜನ, ಅದರಲ್ಲಿ ಒಬ್ಬರಾದರೂ ಅಧ್ಯಾಪಕರು, ವರ್ಷವಿಡೀ ಬರೆಯುವುದು ಮೇಲು. ಪ್ರಶಿಕ್ಷಣಾರ್ಥಿಗಳು ಎರಡು ವರ್ಷಕ್ಕೆ ಹೊರಟುಹೋಗುತ್ತಾರೆ, ಅಧ್ಯಾಪಕರು ಇರುತ್ತಾರೆ.

ಕೆಲವು ತೊಡಕುಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕಡತವನ್ನು ನಕಲಿಸಿ ಅಂಟಿಸಿದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಬರುತ್ತವೆ. ಪರಿವರ್ತಕದಲ್ಲಿ ಹಾಕಿ, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಬೇಕು. ವಿಕಿಗೆ ಹಾಕಿದ ಬರಹವನ್ನು ಹೆಸರು ಸೂಚಿಸಿ ಯಾರು ಬೇಕಾದರೂ ಬಳಸಬಹುದು, ಬದಲಿಸಲೂಬಹುದು. ಹಾಗಾಗಿ ಪಠ್ಯಪುಸ್ತಕದ ಚಿತ್ರವನ್ನೋ ಮಾರ್ಗದರ್ಶಿಯ ಪುಟವನ್ನೋ ಅದಕ್ಕೆ ಹಾಕುವ ಹಕ್ಕು ನಮಗಿಲ್ಲ. ಚಿತ್ರವನ್ನು ನಾವೇ ಬರೆಯೋಣ, ಕರಿಹಲಗೆಯ ಚಿತ್ರವಾದರೂ ಸಾಕು. ಮಕ್ಕಳ ಹೆಸರು, ಮುಖ, ಅಂಕ ಯಾವುದೂ ಅಲ್ಲಿ ಬೇಡ.

ಪರಿಭಾಷೆಯ ಜಗಳ ಬಂದೇ ಬರುತ್ತದೆ. ಪಠ್ಯಪುಸ್ತಕದ ‘ದ್ಯುತಿಸಂಶ್ಲೇಷಣೆ’ ಬೇಕೋ, ಅದಕ್ಕಿಂತ ಸರಳವಾದ ಮಾತು ಬೇಕೋ ಎಂದು ವಾದ ಮಾಡುತ್ತಾ ಕುಳಿತರೆ ಪುಟವೇ ಹುಟ್ಟುವುದಿಲ್ಲ. ಶೀರ್ಷಿಕೆಗೆ ಮಗು ಪರೀಕ್ಷೆಯಲ್ಲಿ ಎದುರಿಸುವ ಪದವನ್ನೇ ಇಟ್ಟು, ಬೇರೆ ಪದದಿಂದ ಹುಡುಕಿದವರೂ ಅದೇ ಪುಟಕ್ಕೆ ಬರುವಂತೆ ಪುನರ್ನಿರ್ದೇಶನ ಕೊಟ್ಟರಾಯಿತು.

ಈ ಸಲದ ಬೋಧನಾ ಅಭ್ಯಾಸಕ್ಕೆ ನಮ್ಮ ವಿಜ್ಞಾನ ವಿಭಾಗದಿಂದ ಒಂದೇ ಘಟಕವನ್ನು ಬೀಟಾ ತಾಣಕ್ಕೆ ಹಾಕುವ ಪ್ರಸ್ತಾವವನ್ನು ಮುಂದಿಡುತ್ತಿದ್ದೇನೆ: ಬೆಳಕು ಮತ್ತು ನೆರಳು. ಬೇರೆ ಜಿಲ್ಲೆಯ ಕಾಲೇಜುಗಳವರು ತಮ್ಮ ಅಂಗಳದಲ್ಲಿ ಒಂದು ಮೀಟರ್ ಕೋಲು ನಿಲ್ಲಿಸಿ, ದಿನಾಂಕ, ಸಮಯ, ನೆರಳಿನ ಉದ್ದ ಮತ್ತು ದಿಕ್ಕು ಇಷ್ಟನ್ನು ಅದೇ ಪುಟದ ಕೋಷ್ಟಕದಲ್ಲಿ ತುಂಬಬಹುದು. ಆಗಸ್ಟ್ 18ಕ್ಕೆ ಮುನ್ನ ಕೋಷ್ಟಕ ಸಿದ್ಧವಿರಬೇಕು.