ಸಾಕ್ಷಿ ಹೇಳಿದವರಿಗೆ ವೀಸಾ

ಕಳ್ಳಸಾಗಣೆ ನಡೆಸುವ ಒಂದು ತಂಡದ ಗುಟ್ಟು ಯಾರಿಗೆ ಗೊತ್ತಿರುತ್ತದೆ? ಅದರೊಳಗೇ ಇದ್ದವರಿಗೆ, ಇಲ್ಲವೇ ಅದರ ಕೈಗೆ ಸಿಕ್ಕಿ ನರಳಿದವರಿಗೆ. ಅಂಥವರು ಪರದೇಶದವರಾಗಿದ್ದು, ಕೈಯಲ್ಲಿ ಸರಿಯಾದ ಕಾಗದಪತ್ರಗಳಿಲ್ಲದಿದ್ದರೆ ಪೊಲೀಸರು ಇಕ್ಕಟ್ಟಿಗೆ ಸಿಲುಕುತ್ತಾರೆ. ಕಾನೂನಿನಂತೆ ಅವರನ್ನು ದೇಶದಿಂದ ಹೊರಗೆ ಕಳುಹಿಸಬೇಕು. ಕಳುಹಿಸಿದರೆ ಸಾಕ್ಷಿ ಕೈತಪ್ಪುತ್ತದೆ. ಸಾಕ್ಷಿಯ ಪಾಡಂತೂ ಇನ್ನೂ ಕಷ್ಟ. ಬಾಯಿಬಿಟ್ಟು ಊರಿಗೆ ಮರಳಿದರೆ ಅಲ್ಲಿ ಸೇಡು ಕಾದಿರಬಹುದು. ಈ ಇಕ್ಕಟ್ಟಿಗೆ ಅಮೆರಿಕ ಕಂಡುಕೊಂಡ ಉಪಾಯಗಳಲ್ಲಿ ಒಂದು 'ಎಸ್' ವೀಸಾ.

1993ರ ಫೆಬ್ರುವರಿ 26ರಂದು ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ನೆಲಮಾಳಿಗೆಯಲ್ಲಿ ಬಾಂಬ್ ಸಿಡಿದು ಆರು ಮಂದಿ ಸತ್ತರು. ಮರುವರ್ಷ ಅಮೆರಿಕದ ಕಾಂಗ್ರೆಸ್ ಅಂಗೀಕರಿಸಿದ ದೊಡ್ಡ ಅಪರಾಧ ನಿಯಂತ್ರಣ ಕಾನೂನಿನಲ್ಲಿ ಈ ವೀಸಾಕ್ಕೂ ಒಂದು ಜಾಗ ಸಿಕ್ಕಿತು. ಇದರಲ್ಲಿ ಎರಡು ಬಗೆ. ಅಪರಾಧಿ ಕೂಟಗಳ ಬಗ್ಗೆ ಮುಖ್ಯವಾದ, ನಂಬಬಹುದಾದ ಮಾಹಿತಿ ಕೊಡುವವರಿಗೆ ವರ್ಷಕ್ಕೆ ಹೆಚ್ಚೆಂದರೆ 200. ಭಯೋತ್ಪಾದಕರ ಬಗ್ಗೆ ಸುಳಿವು ಕೊಟ್ಟು ಪ್ರಾಣಭಯ ಎದುರಿಸುವವರಿಗೆ 50. ಈ ಏರ್ಪಾಡು ತಾತ್ಕಾಲಿಕವಾಗಿತ್ತು. ಒಮ್ಮೆ ವಿಸ್ತರಿಸಿದ್ದ ಅದರ ಅವಧಿ 2001ರ ಸೆಪ್ಟೆಂಬರ್ 13ಕ್ಕೆ ಮುಗಿಯಬೇಕಿತ್ತು. ಅದಕ್ಕೆ ಎರಡೇ ದಿನ ಮೊದಲು ಅದೇ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳು ನೆಲಕ್ಕುರುಳಿದವು. ಅಕ್ಟೋಬರ್ 1ರಂದು ಈ ವೀಸಾವನ್ನು ಕಾಯಂ ಮಾಡುವ ಕಾನೂನು ಬಂತು.

ಓದುವಾಗ ಇದು ಉದಾರವಾದ ಕೊಡುಗೆಯಂತೆ ಕಾಣುತ್ತದೆ. ಆದರೆ ಷರತ್ತುಗಳನ್ನು ನೋಡಿದರೆ ಚಿತ್ರ ಬದಲಾಗುತ್ತದೆ. ಮೊದಲನೆಯದಾಗಿ, ಈ ವೀಸಾಕ್ಕೆ ಸಾಕ್ಷಿ ತಾನೇ ಅರ್ಜಿ ಹಾಕುವಂತಿಲ್ಲ. ಅವನಿಂದ ಕೆಲಸ ಮಾಡಿಸಿಕೊಂಡ ಪೊಲೀಸ್ ಅಥವಾ ತನಿಖಾ ಸಂಸ್ಥೆಯೇ ಹಾಕಬೇಕು. ಅದು ನ್ಯಾಯ ಇಲಾಖೆಯನ್ನು ಹಾದು ವಲಸೆ ಅಧಿಕಾರಿಗಳ ಮೇಜಿಗೆ ಹೋಗಬೇಕು. ವೀಸಾದ ಅವಧಿ ಮೂರೇ ವರ್ಷ. ಅಷ್ಟು ಕಾಲ ಮೂರು ತಿಂಗಳಿಗೊಮ್ಮೆಯಾದರೂ ತಾನೆಲ್ಲಿದ್ದೇನೆ, ಏನು ಮಾಡುತ್ತಿದ್ದೇನೆ ಎಂದು ಸರ್ಕಾರಕ್ಕೆ ವರದಿ ಒಪ್ಪಿಸಬೇಕು. ಮುಂದೆ ಗಡೀಪಾರಿನ ಕ್ರಮ ಜರುಗಿದರೆ ಬಹುಮಟ್ಟಿಗೆ ಎದುರಿಸಿ ವಾದಿಸುವುದಿಲ್ಲ ಎಂದು ಮೊದಲೇ ಬರೆದುಕೊಡಬೇಕು. ಕೊಟ್ಟ ಮಾಹಿತಿಯಿಂದ ತನಿಖೆಗೆ ಗಣನೀಯ ನೆರವಾಯಿತು ಎಂದಾದರೆ ಮಾತ್ರ ಗ್ರೀನ್ ಕಾರ್ಡಿನ ದಾರಿ ತೆರೆಯುತ್ತದೆ.

ಎಲ್ಲಕ್ಕಿಂತ ಬಿಗಿಯಾದ ನಿಯಮ ಇನ್ನೊಂದಿದೆ. ಅರ್ಜಿ ಹಾಕುವ ಸಂಸ್ಥೆ 'ದೇಶದಲ್ಲಿ ಉಳಿಸಿಕೊಳ್ಳುತ್ತೇವೆಂದು ಈತನಿಗೆ ಯಾವ ಮಾತೂ ಕೊಟ್ಟಿಲ್ಲ' ಎಂದು ದೃಢೀಕರಿಸಬೇಕು. ಅಂದರೆ ತನಿಖಾಧಿಕಾರಿ ಹೆಗಲ ಮೇಲೆ ಕೈಯಿಟ್ಟು 'ನಿನ್ನನ್ನು ನಾವು ನೋಡಿಕೊಳ್ಳುತ್ತೇವೆ' ಎಂದಿದ್ದರೂ ಕಾನೂನಿನ ಕಣ್ಣಿನಲ್ಲಿ ಅದಕ್ಕೆ ಬೆಲೆಯಿಲ್ಲ. ಸಾಕ್ಷಿ ತನ್ನಲ್ಲಿರುವುದನ್ನೆಲ್ಲ ಮೊದಲು ಕೊಟ್ಟುಬಿಡುತ್ತಾನೆ. ಪ್ರತಿಫಲ ಬರುವುದೋ ಬಾರದೋ ಆಮೇಲಿನ ಮಾತು.

ಸುಳಿವು ಕೊಟ್ಟವರ ಮಾತು ಹೀಗಾದರೆ ಅಪರಾಧಕ್ಕೆ ಬಲಿಯಾದವರ ಗತಿಯೇನು? ಅವರಿಗಾಗಿ 2000ದಲ್ಲಿ ಬೇರೆ ಎರಡು ವೀಸಾಗಳು ಬಂದವು. ಮಾನವ ಸಾಗಣೆಗೆ ಸಿಕ್ಕವರಿಗೆ 'ಟಿ', ವರ್ಷಕ್ಕೆ 5,000. ಹಿಂಸೆಯಂಥ ಗಂಭೀರ ಅಪರಾಧಗಳಿಂದ ನೊಂದು ತನಿಖೆಗೆ ನೆರವಾದವರಿಗೆ 'ಯು', ವರ್ಷಕ್ಕೆ 10,000. ಈ ಎರಡಕ್ಕೂ ನೊಂದವರೇ ಅರ್ಜಿ ಹಾಕಬಹುದು. ಆದರೂ 'ಯು' ವೀಸಾಕ್ಕೆ ಪೊಲೀಸರಂಥ ಅಧಿಕಾರಿಗಳ ದೃಢೀಕರಣ ಪತ್ರ ಬೇಕೇ ಬೇಕು.

'ಟಿ' ವೀಸಾದ ಕಥೆಯಲ್ಲಿ ಭಾರತೀಯರೂ ಇದ್ದಾರೆ. ಕತ್ರಿನಾ ಚಂಡಮಾರುತದ ನಂತರ, 2006ರಲ್ಲಿ, ಸಿಗ್ನಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿಯ ಹಡಗುಕಟ್ಟೆಗಳಿಗಾಗಿ ಸುಮಾರು 500 ಭಾರತೀಯ ವೆಲ್ಡರು, ಪೈಪ್ ಫಿಟ್ಟರುಗಳನ್ನು ಕರೆಸಿಕೊಳ್ಳಲಾಯಿತು. ಗ್ರೀನ್ ಕಾರ್ಡಿನ ಆಸೆಗೆ ಸಾಲಸೋಲ ಮಾಡಿ ದಲ್ಲಾಳಿಗಳಿಗೆ ಹಣ ಸುರಿದಿದ್ದ ಅವರು ಕಿಕ್ಕಿರಿದ ಶಿಬಿರಗಳಲ್ಲಿ ದಿನ ಕಳೆದರು. 2008ರಲ್ಲಿ ಹಲವರು ಕೆಲಸ ಬಿಟ್ಟು ಹೊರಬಂದು ದೂರು ಕೊಟ್ಟರು. ಅವರಲ್ಲಿ ಅನೇಕರು ಅಲ್ಲಿ ಉಳಿಯಲು ಸಾಧ್ಯವಾದದ್ದು 'ಟಿ' ವೀಸಾದಿಂದ. 2015ರಲ್ಲಿ ನ್ಯೂ ಆರ್ಲಿಯನ್ಸಿನ ಜ್ಯೂರಿ ಐವರು ಕಾರ್ಮಿಕರಿಗೆ 1.4 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಇವರು ಬಾಯಿ ತೆರೆಯದಿದ್ದರೆ ಆ ಮೊಕದ್ದಮೆಯೇ ಇರುತ್ತಿರಲಿಲ್ಲ.

ಇನ್ನೊಂದು ಮುಖವನ್ನೂ ಹೇಳಬೇಕು. 'ಯು' ವೀಸಾದ ಆಸೆಗೆ ಅಂಗಡಿಗಳಲ್ಲಿ ಸುಳ್ಳು ದರೋಡೆಯ ನಾಟಕ ಆಡಿಸಿದ ಆರೋಪದ ಮೇಲೆ 2023ರಲ್ಲಿ ಮಸಾಚುಸೆಟ್ಸಿನಲ್ಲಿ ಭಾರತೀಯರ ಮೇಲೆಯೇ ಮೊಕದ್ದಮೆ ಹೂಡಲಾಯಿತು. ವೀಸಾಕ್ಕಾಗಿ ಹೇಳಿದ ಸಾಕ್ಷ್ಯವನ್ನು ನಂಬುವುದು ಹೇಗೆ ಎಂಬ ಪ್ರಶ್ನೆಯೂ ಹಳೆಯದೇ. ಸಾಕ್ಷಿಗೆ ಕೊಟ್ಟ ಆಶ್ವಾಸನೆಯನ್ನು ಎದುರು ಪಕ್ಷದಿಂದ ಮುಚ್ಚಿಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1972ರ ಗಿಗ್ಲಿಯೊ ಪ್ರಕರಣದಲ್ಲಿ ತೀರ್ಪಿತ್ತಿದೆ.

ಮೋಸ ಮಾಡುವವರನ್ನು ತಡೆಯಲು ಬಿಗಿ ನಿಯಮ ಬೇಕು, ನಿಜ. ಆದರೆ ನಿಯಮದ ಬಿಗಿಯೆಲ್ಲ ಸಾಕ್ಷಿಯ ಕೊರಳಿಗೇ ಬಿದ್ದರೆ ನಷ್ಟ ನ್ಯಾಯಕ್ಕೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ನಮ್ಮಲ್ಲಿದೆ. ದಾಟಿಸಿದ ಒಬ್ಬನನ್ನು ದಡದಲ್ಲೇ ಕೈಬಿಟ್ಟ ಸುದ್ದಿ ಹಬ್ಬಿದರೆ ಮುಂದಿನ ಸಲ ದೋಣಿಗೆ ಕೈಹಚ್ಚುವವರು ಯಾರು?